ಎರಡು ಜೇಬು, ಎರಡು ಹೆಸರು

ಟ್ರಿಣ್ ಅಂತ ಒಂದೇ ಸಲ ಅಂದು ಫೋನು ಸುಮ್ಮನಾಯಿತು.

ರಾಮಮೂರ್ತಿ ನಗರದ ಆ ಬಾಡಿಗೆ ಮನೆಯಲ್ಲಿ ದೀಪ ಆರಿಸಿ ಬಹಳ ಹೊತ್ತಾಗಿತ್ತು. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿದ್ದ ಜಗದೇವಿ ಕಣ್ಣು ತೆರೆಯಲಿಲ್ಲ. ಹೊದಿಕೆಯೊಳಗೆ ಅವಳ ತುಟಿ ಮಾತ್ರ ಅರಳಿತು. ಮನೆ ಸೇರಿದ, ಎಂದುಕೊಂಡಳು.

"ಯಾರದು ಈ ಹೊತ್ನ್ಯಾಗ?" ಒಳಕೋಣೆಯಿಂದ ಅಪ್ಪನ ದನಿ ಬಂತು.

"ರಾಂಗ್ ನಂಬರ್ ಇರಬೇಕಪ್ಪಾ. ಕಟ್ ಆತು."

"ಈ ಊರಾಗ ರಾಂಗ್ ನಂಬರಿಗೂ ನಿದ್ದಿ ಬರಂಗಿಲ್ಲ ನೋಡು," ಎಂದು ಗೊಣಗಿ ಶಿವಶಂಕರಪ್ಪ ಮಗ್ಗುಲು ಬದಲಿಸಿದರು.

ಶಿವಾಜಿನಗರದಲ್ಲಿ ಶಫಿಯ ಮನೆಯ ಕೆಳಗೇ ಖಾದರ್ ಭಾಯಿಯ ಎಸ್‌ಟಿಡಿ ಬೂತು. ಒಂದು ರಿಂಗಿಗೆ ಇಟ್ಟುಬಿಟ್ಟರೆ ಖಾದರ್ ಭಾಯಿ ಕಾಸು ಕೇಳುತ್ತಿರಲಿಲ್ಲ. ದಿನವಿಡೀ ಬೀದಿಬೀದಿ ಸುತ್ತಿ, ಆಫೀಸಿಗೆ ಫಾರಂ ಕೊಟ್ಟು, ಕೊನೆಯ ಬಸ್ಸು ಹಿಡಿದು ಇಳಿದವನು ಪ್ರತಿ ರಾತ್ರಿ ಹೀಗೆ ಒಂದು ರಿಂಗು ಕೊಡುತ್ತಿದ್ದ. 'ಮನೆ ಸೇರಿದೆ, ಮಲಗು' ಎಂದರ್ಥ. ಅದು ಕೇಳುವವರೆಗೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸಣ್ಣವಳಿದ್ದಾಗಿನಿಂದಲೂ ಹಾಗೆಯೇ. ಮನೆಯವರೆಲ್ಲ ಒಳಗೆ ಬಂದು ಬಾಗಿಲಿಗೆ ಚಿಲಕ ಬಿದ್ದ ಮೇಲೆಯೇ ಅವಳ ಎದೆ ತಣ್ಣಗಾಗುತ್ತಿದ್ದುದು.

ಅದು ತೊಂಬತ್ತೊಂಬತ್ತನೇ ಇಸವಿ. ಕಾರ್ಗಿಲ್ ಯುದ್ಧ ಆಗಷ್ಟೇ ಮುಗಿದಿತ್ತು, ಸೆಪ್ಟೆಂಬರಿನಲ್ಲಿ ಚುನಾವಣೆ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ನಲ್ಲಿಯ ಮುಂದಿನ ಸಾಲಿನಲ್ಲಿ ಜನ ಎರಡು ಪಾಲಾಗಿದ್ದರು. ಹೂವೋ ಕೈಯೋ, ಹೊರದೇಶದಲ್ಲಿ ಹುಟ್ಟಿದವರು ಪ್ರಧಾನಿಯಾಗಬಹುದೋ ಬಾರದೋ, ಯುದ್ಧ ಗೆದ್ದವರು ಯಾರು, ಸತ್ತವರು ಯಾರ ಮಕ್ಕಳು. ಮಾತು ಶುರುವಾದರೆ ಎರಡು ನಿಮಿಷದಲ್ಲಿ ಯಾರಾದರೊಬ್ಬರು ದೇಶದ್ರೋಹಿ ಆಗಿಬಿಡುತ್ತಿದ್ದರು.

ಆ ಜಗಳಗಳನ್ನೆಲ್ಲ ಅಂಕಿ ಮಾಡುವುದೇ ಜಗದೇವಿಯ ಕೆಲಸ. ಇಂದಿರಾನಗರದ ಒಂದು ಸರ್ವೇ ಆಫೀಸಿನಲ್ಲಿ ಅವಳು ಡೇಟಾ ಎಂಟ್ರಿಗಿದ್ದಳು. ಹುಡುಗರು ಮನೆಮನೆಗೆ ಹೋಗಿ ಯಾವ ಪಾರ್ಟಿ, ಯಾವ ನಾಯಕ ಎಂದು ಕೇಳಿ ತುಂಬಿಸಿಕೊಂಡು ಬಂದ ಫಾರಂಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಮನೆಯಲ್ಲಿ 'ಕಂಪ್ಯೂಟರ್ ಆಫೀಸು' ಎಂದಷ್ಟೇ ಹೇಳಿದ್ದಳು. ಹೆಚ್ಚು ಹೇಳಿದರೆ ಹೆಚ್ಚು ಪ್ರಶ್ನೆಗಳು ಬರುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಶಫಿಯ ಪರಿಚಯವಾದದ್ದು ಒಂದು ದೂರಿನಿಂದ. ಶಫಿ ಎಂಬವನ ಫಾರಂಗಳಲ್ಲೂ ಸತೀಶ್ ಎಂಬವನ ಫಾರಂಗಳಲ್ಲೂ ಒಂದೇ ಅಕ್ಷರ. ಬಾಲ ಬಿಟ್ಟ ಏಳು, ಗಾಳಿಪಟದಂಥ ನಾಲ್ಕು. ಒಬ್ಬ ಕೂತಲ್ಲೇ ಇಬ್ಬರದ್ದೂ ಬರೆಯುತ್ತಿದ್ದಾನೆ ಎಂದು ಅವಳು ಸೂಪರ್‌ವೈಸರ್ ಲಕ್ಷ್ಮಿಕಾಂತನಿಗೆ ಹೇಳಿದಳು. ಲಕ್ಷ್ಮಿಕಾಂತ ನಕ್ಕು, ಬಾಗಿಲ ಕಡೆ ನೋಡಿ ಕೂಗಿದ.

"ಏ ಸತೀಶ, ಶಫೀನ ಕರ್ಕೊಂಡ್ ಬಾರಪ್ಪಾ."

ಒಬ್ಬನೇ ಬಂದ. ಬಿಸಿಲಿಗೆ ಕಂದಿದ ಮುಖ, ಧೂಳು ಹಿಡಿದ ಚಪ್ಪಲಿ, ನಗಲೋ ಬೇಡವೋ ಎಂದು ಕಾಯುತ್ತಿರುವ ಕಣ್ಣು.

"ಮೇಡಂ, ಇಬ್ಬರೂ ಬಂದಿದ್ದೀವಿ," ಎಂದ. ಅಂಗಿಯ ಎಡಜೇಬಿನಿಂದ ಒಂದು ಕಾರ್ಡು ತೆಗೆದ, ಪ್ಯಾಂಟಿನ ಜೇಬಿನಿಂದ ಇನ್ನೊಂದು. ಎರಡರಲ್ಲೂ ಅವನದೇ ಫೋಟೋ. "ಶಿವಾಜಿನಗರ, ಟ್ಯಾನರಿ ರೋಡಲ್ಲಿ ನಾನು ಶಫಿ. ಕಗ್ಗದಾಸಪುರ, ಕೆ.ಆರ್. ಪುರದಲ್ಲಿ ಸತೀಶ್. ನನ್ನ ಹೆಸರು ಕೇಳಿದ್ರೆ ಜನ ಜವಾಬು ತಿದ್ದಿ ಹೇಳ್ತಾರಂತೆ. ಸರ್ ಕೊಡ್ಸಿದ ಕಾರ್ಡು."

"ಸೈಂಟಿಫಿಕ್ ಕಣ್ರೀ," ಎಂದ ಲಕ್ಷ್ಮಿಕಾಂತ. "ಎಲ್ಲಾ ಕಡೆ ಹೀಗೇ ಮಾಡೋದು."

ಜಗದೇವಿಯ ಮುಖ ಕೆಂಪಾಯಿತು. "ಸಾರಿ ರೀ. ನಿಮ್ಮ ಏಳು ನೋಡಿ ಗೊತ್ತಾಯ್ತು."

"ನನ್ನ ಏಳನ್ನ ಇಷ್ಟು ಗಮನ ಇಟ್ಟು ಯಾರೂ ನೋಡಿಲ್ಲ ಮೇಡಂ," ಎಂದ ಅವನು. ಆಗ ಅವನ ಕಣ್ಣು ನಕ್ಕಿತು.

ಅಲ್ಲಿಂದ ಮುಂದೆ ಅವನ ಫಾರಂಗಳ ಅಂಚಿನಲ್ಲಿ ಪೆನ್ಸಿಲ್ಲಿನ ಒಂದೊಂದು ಏಳು ಸುಮ್ಮನೆ ಕೂತಿರುತ್ತಿತ್ತು. ಬಾಲಕ್ಕೆ ಒಮ್ಮೊಮ್ಮೆ ಹೂವು. ಅವಳು ಸುತ್ತ ನೋಡಿ, ರಬ್ಬರಿನಿಂದ ಅಳಿಸಿ, ಆ ಪುಡಿಯನ್ನು ಊದದೆ ಬೆರಳ ತುದಿಯಿಂದ ಒತ್ತಿ ತೆಗೆಯುತ್ತಿದ್ದಳು.

ಹಲಸೂರು ಕೆರೆಯ ದಂಡೆಯಲ್ಲಿ ಅವರು ಕೂರುತ್ತಿದ್ದರು. ಅವಳು ಯಾವಾಗಲೂ ನೀರಿಗೆ ಬೆನ್ನು ಮಾಡಿ ರಸ್ತೆಗೆ ಮುಖ ಮಾಡುತ್ತಿದ್ದಳು.

"ಲವ್ ಮಾಡ್ತಿದ್ದೀಯೋ, ವಾಚ್‌ಮನ್ ಡ್ಯೂಟಿ ಮಾಡ್ತಿದ್ದೀಯೋ?"

"ಯಾರಾದ್ರೂ ನೋಡಿದ್ರೆ?"

"ನಾನು ನೋಡ್ತಿದ್ದೀನಲ್ಲ, ಸಾಲದಾ?"

ಅವಳು ನಗು ತಡೆದುಕೊಂಡು ಬಸ್ಸುಗಳನ್ನು ನೋಡುತ್ತಿದ್ದಳು. ಅವನು ಅವಳ ಕಿವಿಯೋಲೆಯನ್ನು ನೋಡುತ್ತ ಊರಿನ ಕಥೆ ಹೇಳುತ್ತಿದ್ದ. ಕಗ್ಗದಾಸಪುರದಲ್ಲಿ ಒಬ್ಬಾಕೆ, ಗಂಡ ಯಾರಿಗೆ ಹಾಕ್ತಾನೋ ಹೇಳಿ, ನಾನು ಇನ್ನೊಬ್ಬರಿಗೆ ಹಾಕ್ತೀನಿ ಅಂದಳಂತೆ. ಒಬ್ಬ ಅಜ್ಜ, ಪ್ರಧಾನಿ ಯಾರಾಗಬೇಕು ಎಂದು ಕೇಳಿದರೆ, ಮೊದಲು ನನ್ನ ಸೊಸೆ ಮನೆ ಬಿಟ್ಟು ಹೋಗಬೇಕು ಅಂದನಂತೆ.

"ಮತ್ತೆ... ನಿಮ್ಮವರ ಬಗ್ಗೆ ಏನಂತಾರೆ?" ಎಂದು ಒಂದು ಸಂಜೆ ಅವಳು ಕೇಳಿದಳು.

ಅವನು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಲೇ ಹೇಳಿದ. "ಶಫಿಗೆ ಜನ ನೀರು ಕೊಡ್ತಾರೆ. ಸತೀಶನಿಗೆ ಮನಸ್ಸು ಕೊಡ್ತಾರೆ. ಅದರಲ್ಲಿ ಇರೋದನ್ನೆಲ್ಲ ಸುರೀತಾರೆ. ನಾನು ಟಿಕ್ ಹಾಕ್ಕೊಂಡು ಥ್ಯಾಂಕ್ಯೂ ಸರ್ ಅಂತೀನಿ."

"ಬೇಜಾರಾಗಲ್ವಾ?"

"ಬೈಸ್ಕೊಳ್ಳೋನು ಶಫಿ ಅಲ್ವಾ. ಸತೀಶನಿಗೇನು?" ಎಂದು ನಕ್ಕ. ಬಿಡಿಸಿದ ಬೀಜವನ್ನೆಲ್ಲ ಅವಳ ಅಂಗೈಗೆ ಹಾಕಿದ. ತಾನು ಒಂದೂ ತಿನ್ನಲಿಲ್ಲ.

ರಿಜಿಸ್ಟರ್ ಮದುವೆಯ ಮಾತೆತ್ತಿದವನು ಅವನೇ. ಅಕ್ಕ ಉಮ್ಮೆ ಕುಲ್ಸುಂಗೆ ಹೇಳಿಬಿಟ್ಟಿದ್ದ.

"ಏನಂದ್ರು?"

"ಜೋಳದ ರೊಟ್ಟಿ ತಟ್ಟೋಕೆ ಈಗಿಂದ್ಲೇ ಕಲೀಬೇಕಾ ಅಂದಳು."

ಅವಳಿಗೆ ನಗು ಬಂತು, ಹಿಂದೆಯೇ ಹೆದರಿಕೆ. ಅವ್ವ ಶರಣವ್ವ ತನ್ನ ತಮ್ಮ ಸಿದ್ಧಲಿಂಗೇಶನಿಗೇ ಅವಳನ್ನು ಕೊಡಬೇಕೆಂದು ಮನಸ್ಸು ಮಾಡಿ ವರ್ಷವಾಗಿತ್ತು. ಸಿದ್ದು ಮಾವನಿಗೆ ಕೆ.ಆರ್. ಪುರದಲ್ಲಿ ಆಟೋ ಸ್ಪೇರ್ಸ್ ಅಂಗಡಿ. ಈ ಚುನಾವಣೆ ಬಂದ ಮೇಲೆ ಅಂಗಡಿಗಿಂತ ಹೆಚ್ಚು ಹೊತ್ತು ಪ್ರಚಾರದ ಜೀಪಿನಲ್ಲೇ ಇರುತ್ತಿದ್ದ. ಅಪ್ಪ ಮಾತ್ರ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಮಹದೇವಪುರದ ಫ್ಯಾಕ್ಟರಿಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದ ಅವರು ಮನೆಯಲ್ಲಿ ಕಡಿಮೆ ಮಾತಿನವರು.

"ಅಪ್ಪನ ಮನಸ್ಸಲ್ಲೇನಿದೆ ಅಂತ ಗೊತ್ತಾಗದೆ ನಾನು ಸಹಿ ಹಾಕಲ್ಲ ಶಫಿ. ಅವರು ನನ್ನನ್ನ ಪೂರ್ತಿ ಬಿಟ್ಟುಬಿಡೋದಾದ್ರೆ, ನನ್ನ ಕೈಲಾಗಲ್ಲ."

"ಇಡೀ ಊರಿನ ಮನಸ್ಸು ಕೇಳ್ಕೊಂಡು ಬರ್ತೀನಿ. ನಿಮ್ಮಪ್ಪನ್ನ ಕೇಳೋಕಾಗಲ್ವಾ?"

ಅವನು ತಮಾಷೆಗೆ ಅಂದದ್ದು. ಅವಳು ಅದನ್ನು ಮನೆಗೆ ತೆಗೆದುಕೊಂಡು ಹೋಗಿ ರಾತ್ರಿಯಿಡೀ ಯೋಚಿಸಿದಳು. ಆ ಸಲದ ಫಾರಂನಲ್ಲಿ ಅಂಥದೇ ಒಂದು ಪ್ರಶ್ನೆಯಿತ್ತು. ನಿಮ್ಮ ಮನೆಯ ಮಗಳು ಬೇರೆ ಧರ್ಮದವರನ್ನು ಮದುವೆಯಾದರೆ? ಒಂದು, ಸಂಬಂಧ ಕಡಿದುಕೊಳ್ಳುತ್ತೇವೆ. ಎರಡು, ದುಃಖವಾದರೂ ಒಪ್ಪುತ್ತೇವೆ. ಮೂರು, ಸಂತೋಷದಿಂದ ಒಪ್ಪುತ್ತೇವೆ.

"ಎರಡು ಬಂದರೂ ಸಾಕು," ಎಂದಳು ಮರುದಿನ. "ಎರಡು ಬಂದ್ರೆ ಸಹಿ ಹಾಕ್ತೀನಿ. ಸತೀಶನಾಗಿ ಬಾ. ಅಪ್ಪ ಬಿಚ್ಚಿ ಮಾತಾಡಲಿ."

ಅವನು ಜೇಬಿನ ಕಾರ್ಡು ಮುಟ್ಟಿಕೊಂಡ. "ನಿಮ್ಮನೆಗಾದ್ರೂ ಶಫಿಯಾಗಿ ಬರ್ತೀನಿ ಅಂದ್ಕೊಂಡಿದ್ದೆ."

"ಆಮೇಲೆ ಬರುವೆಯಂತೆ."

ಸರ್ವೇಯಲ್ಲಿ ಬಲಗೈ ನಿಯಮ ಅಂತ ಒಂದಿದೆ. ಬೀದಿಯ ಮೂಲೆಯಿಂದ ಹೊರಟು, ಬಲಗಡೆಗೇ ನಡೆದು, ನಾಲ್ಕು ಮನೆ ಬಿಟ್ಟು ಐದನೆಯದಕ್ಕೆ ಹೋಗಬೇಕು. ತಮಗಿಷ್ಟ ಬಂದ ಮನೆ ಹೊಗುವಂತಿಲ್ಲ. ಜಗದೇವಿಯ ಮನೆ ನಾಲ್ಕನೆಯದು. ಬೀದಿಯ ಮೊದಲಿಗೆ ಮುಚ್ಚಿಹೋದ ಹಿಟ್ಟಿನ ಗಿರಣಿಯಿತ್ತು. ಅದನ್ನೂ ಒಂದು ಮನೆ ಎಂದು ಹಿಡಿ, ಆಗ ನಮ್ಮದು ಐದನೆಯದಾಗುತ್ತದೆ ಎಂದು ಅವಳೇ ಲೆಕ್ಕ ಹೇಳಿಕೊಟ್ಟಳು. ಯಾರಾದರೂ ಕೇಳಿದರೆ ಉತ್ತರ ಇರಲಿ ಎಂದು.

ಭಾನುವಾರ ಬೆಳಿಗ್ಗೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಸತೀಶನ ಕಾರ್ಡು.

"ಬರ್ರಿ ಬರ್ರಿ, ಕುಂದರ್ರಿ," ಎಂದರು ಶಿವಶಂಕರಪ್ಪ. ಯಾರಾದರೂ ತಮ್ಮ ಅಭಿಪ್ರಾಯ ಕೇಳಲು ಬಂದದ್ದು ಅವರಿಗೆ ಅದೇ ಮೊದಲು. ಎದ್ದು ಅಂಗಿ ಹಾಕಿಕೊಂಡರು. "ಶರಣವ್ವಾ, ಛಾ ಇಡು. ಎಲ್ಲಿಯವ್ರಪಾ ನೀವು?"

"ಹಲಸೂರು ಕಡೆ ಸರ್."

"ಮಂದಿ ಯಾರು? ನಮ್ಮ ಪೈಕೀನ?"

"ಸರ್ವೇಯವ್ರಿಗೆ ಜಾತಿ ಇಲ್ಲ ಸರ್. ಟಾರ್ಗೆಟ್ ಮಾತ್ರ."

ಅಪ್ಪ ಗಟ್ಟಿಯಾಗಿ ನಕ್ಕರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಜಗದೇವಿ ಆ ನಗುವನ್ನು ಕೇಳಿ ಎಷ್ಟು ತಿಂಗಳಾಗಿತ್ತೋ.

"ಮನೇಲಿ ಎಷ್ಟು ಜನ ಸರ್? ಮೇಡಂ ಮಗಳಾ? ವಯಸ್ಸು?"

"ಇಪ್ಪತ್ಮೂರು," ಎಂದಳು ಅವಳು ನೆಲ ನೋಡುತ್ತ.

"ಇಪ್ಪತ್ಮೂರು," ಎಂದು ಅವನು ನಿಧಾನ ಬರೆದುಕೊಂಡ. ಅದು ಅವನಿಗೆ ಗೊತ್ತಿರಲಿಲ್ಲವೆಂಬಂತೆ. ಕಾಗದದ ಅಂಚಿನ ಮೇಲಿಂದ ಒಂದೇ ಒಂದು ಸಲ ನೋಡಿದ. ಅವಳ ಕಾಲ ಬೆರಳು ಮಡಚಿಕೊಂಡಿತು.

ಪ್ರಶ್ನೆಗಳು ಶುರುವಾದವು. ದೇಶ ಯಾರ ಕೈಯಲ್ಲಿ ಸುರಕ್ಷಿತ?

"ಗಡಿ ಕಾಯೋ ಹುಡುಗ್ರ ಕೈಯಾಗ. ಬರ್ಕೊಳ್ರಿ."

"ಆ ಆಪ್ಶನ್ ಇಲ್ಲ ಸರ್."

"ಇಲ್ಲಂದ್ರ ಹಾಕಸ್ರಿ! ಯುದ್ಧ ಗೆದ್ದೀವಿ ಅಂತ ಇವ್ರು ಮೆರಿತಾರ. ಇಲ್ಲೇನ್ ಗೆದ್ದೀರಿ ಅಂತ ಅವ್ರು ಕೇಳ್ತಾರ. ಸತ್ತ ಹುಡುಗನ ಅವ್ವನ್ನ ಯಾರರ ಕೇಳ್ಯಾರೇನು?"

"ಹೋದ ವರ್ಷ ಉಳ್ಳಾಗಡ್ಡಿ ರೇಟಿನ ಯುದ್ಧ ಯಾರು ಗೆದ್ರು ಕೇಳ್ರಿ," ಎಂದಳು ಅವ್ವ ಒಳಗಿನಿಂದ.

ಹೂವಿಗೆ ಹಾಕುತ್ತೇನೆ ಎಂದರು ಅಪ್ಪ, ಆದರೆ ನಮ್ಮ ಏರಿಯಾದ ಅಭ್ಯರ್ಥಿ ಮಾತ್ರ ಕಳ್ಳ. ಮುಸಲ್ಮಾನರನ್ನು ಪಾರ್ಟಿಗಳು ಅತಿಯಾಗಿ ಓಲೈಸುತ್ತವೆಯೇ? ಹೌದು ಅಂತ ಬರ್ಕೊಳ್ರಿ, ಎಂದರು. ಶಫಿಯ ಪೆನ್ನು ನಿಲ್ಲಲಿಲ್ಲ. ಅವನ ಕಿವಿಯ ತುದಿ ಮಾತ್ರ ಕೆಂಪಾದದ್ದು ಅವಳಿಗೆ ಕಂಡಿತು.

"ಬರ್ಕೊಂಡ್ರೇನು? ಈಗ ಇದನ್ನೂ ಬರ್ಕೊಳ್ರಿ," ಎಂದು ಅಪ್ಪ ಮುಂದೆ ಬಾಗಿದರು. "ನಮ್ಮಣ್ಣನ ಹೆಸರು ಹುಸೇನಪ್ಪ. ಕೊಳ್ಳಾಗ ಲಿಂಗ, ಹೆಸರು ಹುಸೇನಪ್ಪ. ನಮ್ಮವ್ವಗ ಮಕ್ಕಳು ಉಳೀವಲ್ವು, ಮೊಹರಮ್ಮಿನ ಅಲಾಯಿ ದೇವ್ರಿಗೆ ಹರಕಿ ಹೊತ್ಲು. ಉಳದ. ಇವತ್ತಿಗೂ ಆಂವ ಫಕೀರನಾಗಿ ಕೆಂಪು ದಾರ ಕಟ್ಟಿ ಕುಣೀತಾನ. ಇದಕ್ಕ ಏನ್ ಆಪ್ಶನ್ ಅದರಿ ನಿಮ್ಮಲ್ಲಿ?"

ಶಫಿ ನಕ್ಕ. ಅದು ಸತೀಶನ ನಗುವಾಗಿರಲಿಲ್ಲ, ಕೆರೆಯ ದಂಡೆಯ ನಗು. "ಇಲ್ಲ ಸರ್. ಇರಬೇಕಿತ್ತು."

ಶರಣವ್ವ ಛಾ ತಂದಿಟ್ಟಳು, ಒಳ್ಳೆಯ ಕಪ್ಪಿನಲ್ಲಿ. ಅವನು ಎರಡು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, ಆ ಪ್ರಶ್ನೆ ಓದಿದ. ಮೂರೂ ಉತ್ತರ ಓದಿದ. ದನಿ ಎಲ್ಲೂ ನಡುಗಲಿಲ್ಲ.

ಅಪ್ಪ ನೆಟ್ಟಗೆ ಕೂತರು. ಬಾಗಿಲ ಕಡೆ ತಿರುಗಿ ಮಗಳನ್ನು ನೋಡಿದರು, ಪ್ರಶ್ನೆ ಅವಳೇ ಕೇಳಿದಳೋ ಎಂಬಂತೆ.

"ಮೊದಲ ಒದರಾಡ್ತೀನಿ," ಎಂದರು ಕೊನೆಗೆ. "ಬಾಗಿಲಾ ಹಾಕ್ಕೊಂತೀನಿ. ಮಾರಿ ನೋಡಂಗಿಲ್ಲ ಅಂತೀನಿ. ಆಮ್ಯಾಲ... ಒಬ್ಬಾಕಿ ಮಗಳು. ಎಷ್ಟ ದಿನ ಹಾಕ್ಕೊಂಡಿರಲಿ ಬಾಗಿಲಾ? ಎರಡನೇದಕ್ಕ ಹಾಕ್ರಿ."

"ಏನ್ ಮಾತ ಹಚ್ಚೀರಿ ಮುಂಜಾನೆದ್ದು!" ಎಂದಳು ಶರಣವ್ವ.

"ಕೇಳ್ಯಾರ, ಹೇಳೀನಿ."

ಎರಡು. ಎರಡನೆಯದು. ಶಫಿ ಟಿಕ್ ಹಾಕಿದ ಸದ್ದು ಕೂಡ ಜಗದೇವಿಗೆ ಕೇಳಿದಂತಾಯಿತು.

ಅಷ್ಟರಲ್ಲಿ ಹೊರಗೆ ಜೀಪು ನಿಂತು, ಸಿದ್ದು ಮಾವ ಕಂಕುಳಲ್ಲಿ ಬಾವುಟದ ಕಟ್ಟು ಹಿಡಿದು ಒಳಗೆ ಬಂದ. ಸರ್ವೇ ಎಂದು ತಿಳಿದು ಖುಷಿಯಾದ. "ನಮ್ದು ಎಷ್ಟ್ ಸೀಟ್ರಿ ಬಾಸ್?" ಎಂದು ಕೇಳಿ, ಕಾರ್ಡು ನೋಡಿ, "ಸತೀಶ್. ಗುಡ್," ಎಂದು ಬೆನ್ನು ತಟ್ಟಿದ.

ಇನ್ನು ಅವನು ಹೊರಟರೆ ಮುಗಿಯಿತು. ಶಫಿ ಫಾರಂ ಚೀಲಕ್ಕೆ ತುರುಕಿ, ಅವಸರದಲ್ಲಿ ಎದ್ದ.

ಆ ಮನೆಯ ಹಾಲ್‌ನ ಕಿಟಕಿಯ ಬಾಗಿಲು ಒಳಗೆ ತೆರೆಯುತ್ತಿತ್ತು. ಅದರ ಮೂಲೆಯ ಕಬ್ಬಿಣದ ಕೊಂಡಿ ತಲೆಯೆತ್ತರಕ್ಕೆ ಚಾಚಿಕೊಂಡಿರುತ್ತಿತ್ತು. ಮನೆಯವರೆಲ್ಲ ಅಭ್ಯಾಸದಿಂದ ಬಾಗಿ ಏಳುತ್ತಿದ್ದರು. ಹೋದ ವರ್ಷ ಅಪ್ಪನ ಹುಬ್ಬಿಗೆ ಹೊಲಿಗೆ ಬಿದ್ದದ್ದು ಅದರಿಂದಲೇ.

"ಶಫೀ, ತಲಿ!"

ಕೂಗಿದವಳು ಅವಳು. ಅವನು ಥಟ್ಟನೆ ಬಾಗಿದ. ಕೊಂಡಿ ಕೂದಲು ಸವರಿಕೊಂಡು ಹೋಯಿತು.

ಹಾಲ್‌ನಲ್ಲಿ ಬಾವುಟದ ಕಟ್ಟು ದೊಪ್ಪನೆ ಬಿತ್ತು.

"ಏನಂದಿ?" ಎಂದ ಸಿದ್ದು ಮಾವ. "ಏನಂತ ಕರದಿ?"

ಹೇಳಬಹುದಾಗಿತ್ತು. ಪ್ರೀತಿಯ ಮಾತು ಬೇಡ, ಅರ್ಧ ಸತ್ಯ ಸಾಕಿತ್ತು. ಇವರು ನಮ್ಮ ಆಫೀಸಿನವರು, ಆಫೀಸಿನವರೇ ಈ ಹೆಸರು ಕೊಡುತ್ತಾರೆ, ಬೇಕಾದರೆ ಫೋನ್ ಮಾಡಿ ಕೇಳಿ. ಅಷ್ಟೇ. ಆ ಮಾತುಗಳು ಅವಳ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಎಲ್ಲರ ಕಣ್ಣೂ ಅವಳ ಮೇಲಿದ್ದವು. ಅಪ್ಪನ ಕಣ್ಣೂ. ಶಫಿ ಮಾತ್ರ ಅವಳನ್ನು ನೋಡಲಿಲ್ಲ. ನೆಲ ನೋಡುತ್ತ, ಅವಳು ಏನು ಹೇಳಿದರೂ ಅದೇ ಸರಿ ಎಂಬಂತೆ ನಿಂತಿದ್ದ.

"ಇವರ ಹೆಸರು ಸತೀಶ ಅಲ್ಲ ಮಾವ," ಎಂದಳು. ತನ್ನದೇ ದನಿ ಇಷ್ಟು ತಣ್ಣಗಿರುವುದು ಕಂಡು ಅವಳಿಗೇ ಆಶ್ಚರ್ಯ. "ಬಸ್‌ಸ್ಟಾಪಿನ್ಯಾಗ ನೋಡೀನಿ. ಯಾರೋ ಶಫಿ ಅಂತ ಕರೀತಿದ್ರು. ಈಗ ನೆನಪಾತು. ಸುಳ್ಳು ಹೆಸರು ಹೇಳ್ಕೊಂಡು ಬಂದಾರ."

ಸಿದ್ದು ಮಾವ ಅವನ ಜೇಬುಗಳನ್ನು ಮಗುಚಿದ. ಪ್ಯಾಂಟಿನ ಜೇಬಿನಿಂದ ಇನ್ನೊಂದು ಕಾರ್ಡು ಬಂತು.

ಮೊದಲ ಏಟು ಹಾಲ್‌ನಲ್ಲೇ ಬಿತ್ತು. ಸದ್ದಿಗೆ ಮಹಡಿಯಿಂದ ಇಳಿದುಬಂದ ಮನೆ ಓನರ್ ಮಂಜುಳಮ್ಮ, "ಮನೆ ಒಳಗೆ ಬೇಡ ಕಣ್ರಪ್ಪಾ, ಹೊರಗೆ ಕರ್ಕೊಂಡ್ ಹೋಗಿ," ಎಂದರು. ಹೊರಗೆ ಕರೆದುಕೊಂಡು ಹೋದರು. ಜೀಪಿನ ಹುಡುಗರು ಇಳಿದರು. ಭಾನುವಾರ, ಬೀದಿಯ ಗಂಡಸರೆಲ್ಲ ಮನೆಯಲ್ಲಿದ್ದರು.

"ಮನಿ ಮನಿ ಲೆಕ್ಕ ಯಾಕ ಬರ್ಕೊಳ್ಳಾಕತ್ತಿ? ಯಾರಿಗೆ ಕೊಡ್ತಿ?" ಎಂದ ಸಿದ್ದು ಮಾವ.

"ಸರ್ವೇ ಸರ್... ಬರೀ ಸರ್ವೇ."

"ಇದೇ ಮನಿಗೆ ಯಾಕ ಬಂದಿ?"

"ಬಲಗೈ ರೂಲ್ ಸರ್. ಐದನೇ ಮನೆ."

ಒಬ್ಬ ಹುಡುಗ ಬೀದಿಯ ಮೂಲೆಗೆ ಓಡಿ, ಕೈ ತೋರಿಸುತ್ತ ಎಣಿಸುತ್ತ ಬಂದ. ಗಿರಣಿ ಮನೆಯಲ್ಲ, ಇದು ನಾಲ್ಕನೆಯದು, ಎಂದು ಕೂಗಿದ. ಜಗದೇವಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳೇ ಹೇಳಿಕೊಟ್ಟ ಲೆಕ್ಕಕ್ಕೆ ಈಗ ಅವನ ಬಾಯಿಂದ ರಕ್ತ ಬಂತು.

"ಬೇಕಂತ್ಲೇ ಬಂದಿ ಹಂಗಾರ! ಈಕಿ ಗೊತ್ತೇನು ನಿನಗ? ಹೇಳು, ಈಕಿ ಗೊತ್ತೇನು?"

ಶಫಿ ತಲೆಯೆತ್ತಿದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದರಿಂದ ಅವಳನ್ನು ನೋಡಿದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಫಾರಂ ತುಂಬಿಸುವವರ ನೋಟ ಅದು, ಅಷ್ಟೇ. ಉತ್ತರ ಯಾವುದಾದರೂ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುವವರ ನೋಟ.

"ಇಲ್ಲ," ಎಂದ. "ಅವರು ಯಾರೋ ನನಗೆ ಗೊತ್ತಿಲ್ಲ."

ಪೊಲೀಸ್ ಜೀಪು ಬರುವ ಮೊದಲು ಶಿವಶಂಕರಪ್ಪ ಹೊರಗೆ ಬಂದರು. ಕೈ ಎತ್ತಲಿಲ್ಲ. ಯಾರನ್ನೂ ತಡೆಯಲೂ ಇಲ್ಲ. ಚೆಲ್ಲಿದ್ದ ಫಾರಂಗಳ ನಡುವೆ ಕೂತಿದ್ದವನ ಮುಂದೆ ನಿಂತರು.

"ನಮ್ಮ ಹುಡುಗ ಅಂತ ತಿಳಕೊಂಡು ಮನಸ್ ಬಿಚ್ಚಿ ಮಾತಾಡಿದೆ," ಎಂದರು. "ನಾ ಹೇಳಿದ್ದು ಹೊಡದು ಹಾಕು. ಎರಡನೇದಲ್ಲ. ಒಂದನೇದು."

ಸಂಜೆ ಬೀದಿಯ ಹೆಂಗಸರು ಬಂದು ಜಗದೇವಿಯ ಕೆನ್ನೆ ಸವರಿ ಹೋದರು. ಎಷ್ಟು ಹುಷಾರು ಹುಡುಗಿ, ಕಣ್ಣಲ್ಲೇ ಗುರುತು ಹಿಡಿದಳು ನೋಡಿ, ಎಂದರು. ಸಿದ್ದು ಮಾವ ಹೆಮ್ಮೆಯಿಂದ ಮೀಸೆ ಮೇಲೆ ಬೆರಳಾಡಿಸಿದ. ಎಲೆಕ್ಷನ್ ಮುಗಿದ ಮೇಲೆ ದಿನ ನೋಡೋಣ ಎಂದು ಅವ್ವ ತಮ್ಮನಿಗೆ ಹೇಳುವುದು ಕೇಳಿಸಿತು.

"ಆಂವ ಛಾ ಕುಡದ ಕಪ್ಪು ಒಳಗ ತರಬ್ಯಾಡ. ಚರಂಡಿಗೆ ಒಗದು ಬಾ," ಎಂದಳು ಅವ್ವ.

ಒಗೆದು ಬಂದಳು. ಚರಂಡಿಯ ಹತ್ತಿರ ಬಗ್ಗಿ, ಸದ್ದಾಗದಂತೆ ಎರಡೂ ಕೈಯಲ್ಲಿ ಇಳಿಸಿ ಬಿಟ್ಟಳು. ತಳದಲ್ಲಿ ಇನ್ನೂ ಅರ್ಧ ಛಾ ಇತ್ತು.

ಸೋಮವಾರ ಆಫೀಸಿನಲ್ಲಿ ಲಕ್ಷ್ಮಿಕಾಂತ ಬೆವರು ಒರೆಸಿಕೊಳ್ಳುತ್ತಿದ್ದ. "ಪುಣ್ಯಾತ್ಮ, ಕಾರ್ಡು ನಾನೇ ಮಾಡಿಸ್ಕೊಂಡೆ ಅಂತ ಸ್ಟೇಷನ್ನಲ್ಲಿ ಹೇಳಿದ್ದಾನೆ. ಆಫೀಸು ಬಚಾವ್. ಇನ್ನೂ ಬಿಟ್ಟಿಲ್ವಂತೆ ಪಾಪ." ಆಮೇಲೆ ಅವಳ ಕಡೆ ತಿರುಗಿದ. "ನಿಮ್ಮ ಏರಿಯಾದಲ್ಲೇ ಅಂತೆ ಕಣ್ರೀ ಆಗಿದ್ದು?"

"ಹೌದಾ ಸರ್?" ಎಂದಳು ಅವಳು. "ನನಗೆ ಗೊತ್ತೇ ಆಗ್ಲಿಲ್ಲ."

ಅವನು ತಂದಿದ್ದ ಫಾರಂಗಳನ್ನೆಲ್ಲ ರದ್ದು ಮಾಡಬೇಕಿತ್ತು. ಆ ಕೆಲಸ ಅವಳಿಗೇ ಬಂತು. ಗಂಡನಿಗೆ ಎದುರಾಗಿ ಓಟು ಹಾಕುವಾಕೆ ಹೋದಳು. ಸೊಸೆಯನ್ನು ಓಡಿಸಬೇಕೆಂದ ಅಜ್ಜ ಹೋದ. ಶಫಿಗೆ ನೀರು ಕೊಟ್ಟವರು, ಸತೀಶನಿಗೆ ಮನಸ್ಸು ಕೊಟ್ಟವರು, ಎಲ್ಲರೂ ಸಾಲುಸಾಲಾಗಿ ಪರದೆಯಿಂದ ಹೋದರು. ಫಾರಂಗಳ ಅಂಚಿನಲ್ಲಿ ಪೆನ್ಸಿಲ್ಲಿನ ಏಳುಗಳಿಗಾಗಿ ಹುಡುಕಿದಳು. ಒಂದೂ ಉಳಿದಿರಲಿಲ್ಲ. ತಾನೇ ಎಷ್ಟು ಚೆನ್ನಾಗಿ ಅಳಿಸಿದ್ದಳು.

ಆ ರಾತ್ರಿ ಫೋನು ಬಡಿಯಲಿಲ್ಲ. ಮರುರಾತ್ರಿಯೂ. ಅವಳು ಮಲಗಿದಂತೆ ಮಲಗಿ, ಗೋಡೆಗೂಡಿನ ಕಪ್ಪು ಫೋನನ್ನು ಕತ್ತಲಲ್ಲೇ ನೋಡುತ್ತಿದ್ದಳು. ಖಾದರ್ ಭಾಯಿಯ ಬೂತಿಗೆ ಮಾಡಿ ಕೇಳಬಹುದಿತ್ತು. ಉಮ್ಮೆ ಕುಲ್ಸುಂ ಫೋನಿಗೆ ಬಂದರೆ? ಯಾರಮ್ಮಾ ನೀನು ಅಂದರೆ? ನಂಬರು ತಿರುಗಿಸಲು ಅವಳ ಬೆರಳು ಏಳಲಿಲ್ಲ.

ವಾರದ ಕೊನೆಗೆ ಯಾರಿಗೆ ಎಷ್ಟು ಸೀಟು ಎಂಬ ಮಾತೇ ಊರಿನ ಬಾಯಲ್ಲಿದ್ದಾಗ, ಒಂದು ರಾತ್ರಿ, ಟ್ರಿಣ್ ಅಂತ ಒಂದೇ ಸಲ ಅಂದಿತು.

ಅವಳು ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಮನೆ ಸೇರಿದ. ಇಷ್ಟೆಲ್ಲ ಆದ ಮೇಲೂ, ನಡೆಯಲಾಗುತ್ತಿತ್ತೋ ಇಲ್ಲವೋ, ಮೆಟ್ಟಿಲು ಹತ್ತುವ ಮೊದಲು ಬೂತಿಗೆ ಹೋಗಿ, ಅವಳು ನಿದ್ದೆ ಮಾಡಲಿ ಎಂದು ಒಂದು ರಿಂಗು ಕೊಟ್ಟಿದ್ದ. ಇನ್ನು ಮುಂದೆ ಇದು ಬಡಿಯುವುದಿಲ್ಲ ಎಂಬುದೂ ಅವಳಿಗೆ ಆ ಸದ್ದಿನಲ್ಲೇ ಗೊತ್ತಾಯಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಬಾಳ ದಿನ ಆಗಿತ್ತು," ಎಂದರು ಅಪ್ಪ, "ರಾಂಗ್ ನಂಬರ್ ಬಂದು."

ಅವಳು ಹೊದಿಕೆಯನ್ನು ಇನ್ನೂ ಮೇಲಕ್ಕೆಳೆದುಕೊಂಡಳು.

"ಜಗೂ." ಅವರ ದನಿ ಕತ್ತಲಲ್ಲಿ ಹತ್ತಿರ ಬಂದಂತಿತ್ತು, ಎದ್ದು ಕೂತಿದ್ದರು. "ಆ ಹುಡುಗ ನಿನ್ನ ಕೂಗಿಗೆ ಬಗ್ಗಿದ ನೋಡು... ನಮ್ಮ ಮನ್ಯಾಗಿನ ಮಂದಿ ಬಗ್ಗಿದಂಗ ಬಗ್ಗಿದ. ಅದ ನನ್ನ ಕಣ್ಣ ಮುಂದ ಬರಾಕತ್ತೈತಿ." ದನಿ ತಗ್ಗಿಸಿ ಕೇಳಿದರು. "ಏನರ ಹೇಳೋದು ಐತೇನವಾ?"

ಇನ್ನೊಂದು ಸಲ ಬಾಗಿಲು ತೆರೆದಿತ್ತು. ಅಷ್ಟು ಹತ್ತಿರ, ಕೈಚಾಚಿದರೆ ಸಿಗುವಷ್ಟು. ಅಪ್ಪ ಕೂಗಾಡುತ್ತಾರೆ, ಅಳುತ್ತಾರೆ, ಆಮೇಲೆ ಒಂದು ದಿನ... ಆದರೆ ಹೇಳಬೇಕಾದದ್ದು ಈಗ ಪ್ರೀತಿಯೊಂದೇ ಆಗಿರಲಿಲ್ಲ. ಕರೆದವಳು ನಾನು, ಹೆಸರು ತೊಡಿಸಿದವಳು ನಾನು, ಲೆಕ್ಕ ಹೇಳಿಕೊಟ್ಟವಳು ನಾನು, ಹಿಡಿದುಕೊಟ್ಟವಳೂ ನಾನೇ ಎಂದು ಹೇಳಬೇಕಿತ್ತು. ಅಷ್ಟನ್ನು ಕೇಳಿದ ಮೇಲೆ ಅಪ್ಪ ಅವನನ್ನಾದರೂ ಕ್ಷಮಿಸಿಯಾರು, ಅವಳನ್ನಲ್ಲ.

"ಏನಿಲ್ಲಪ್ಪಾ," ಎಂದಳು. "ರಾಂಗ್ ನಂಬರ್. ಮಲಕ್ಕೋ."

ಆಮೇಲೆ ಮಂಚ ಮತ್ತೆ ಕಿರುಗುಟ್ಟಿತು.

ಜಗದೇವಿ ಎದ್ದು, ಬರಿಗಾಲಲ್ಲಿ ಹೋಗಿ, ಕಿಟಕಿಯ ಒಳಬಾಗಿಲು ಮುಚ್ಚಿ ಕೊಂಡಿ ಹಾಕಿದಳು. ಅಪ್ಪನಿಗಿಲ್ಲ, ಅವ್ವನಿಗಿಲ್ಲ, ನಾಳೆ ಗಂಡನಾಗುವವನಿಗಿಲ್ಲ, ಹುಟ್ಟುವ ಮಕ್ಕಳಿಗಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ಬಂದು ಮಲಗಿ ಕಣ್ಣು ಮುಚ್ಚಿದಳು. ಮನೆ ಸೇರಬೇಕಾದವರೆಲ್ಲ ಮನೆ ಸೇರಿದ್ದರು.